ಕೋಳಿ ಗೂಡು ನಾರುತ್ತಿದೆಯಾ? ಹೊಟ್ಟು ಜಾಸ್ತಿ ಹಾಕಿ

ಹಿತ್ತಲ ಕೋಳಿ ಗೂಡನ್ನು ದಿನಾ ಗುಡಿಸುವುದನ್ನು ನಾನು ಬಿಟ್ಟೇ ಬಿಟ್ಟೆ. ಮೊದಲು 3 ಇಂಚು ಒಣ ಭತ್ತದ ಹೊಟ್ಟು ಹರಡಿದೆ. ಹಿಕ್ಕೆ ಜಾಸ್ತಿ ಕಂಡಾಗ ಮೇಲೆ ಇನ್ನಷ್ಟು ಹೊಟ್ಟು. ಹೀಗೇ 6 ಇಂಚಾಯಿತು. ವಾರಕ್ಕೆ ಎರಡು ಸಲ ಕೆದಕಬೇಕು. ಒಂದು ಹಿಡಿ ಜೋಳ ಎರಚಿದರೆ ಅರ್ಧ ಕೆಲಸ ಕೋಳಿಗಳೇ ಮಾಡುತ್ತವೆ!

ತೇವ ಮಾತ್ರ ಆಗಬಾರದು. ಮುಷ್ಟಿಯಲ್ಲಿ ಹಿಂಡಿ ನೋಡಿ, ಉಂಡೆ ಕಟ್ಟಿ ಹಾಗೇ ನಿಂತರೆ ಒದ್ದೆ ಜಾಸ್ತಿ ಅಂತ. ಕಣ್ಣು ಉರಿಯುವ ಘಾಟು ಬಂದರೂ ಅಷ್ಟೇ. ಹೋದ ಮಳೆಗಾಲದಲ್ಲಿ ನೀರಿನ ಬಟ್ಟಲನ್ನು ಹೊಟ್ಟಿನ ಮೇಲೇ ಇಟ್ಟಿದ್ದೆ, ನನ್ನದೇ ತಪ್ಪು. ಸುತ್ತ ಗಟ್ಟಿ ಹೆಂಟೆಯಾಯಿತು, ಮರಿಗಳಿಗೆ ರಕ್ತಭೇದಿ ಶುರುವಾಯಿತು. ಈಗ ಬಟ್ಟಲು ಇಟ್ಟಿಗೆ ಮೇಲೆ. ಹೆಂಟೆ ಕಂಡರೆ ತಕ್ಷಣ ತೆಗೆದು ಒಣ ಹೊಟ್ಟು ತುಂಬಿ. ಹಳೇ ಹೊಟ್ಟನ್ನು ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿ ತೆಂಗಿನ ಬುಡಕ್ಕೆ ಹಾಕಬಹುದು.