ಟೊಮೆಟೊ ಊರಿನ ಹಿತ್ತಲಲ್ಲಿ ಒಂದು ಹಂಗಾಮು

ಕೋಲಾರದ ಕಡೆ ಎತ್ತ ತಿರುಗಿದರೂ ಟೊಮೆಟೊ ತೋಟ. ಇಂಥ ಊರಲ್ಲಿ ಹಿತ್ತಲ ಟೊಮೆಟೊ ಬೆಳೆಯೋದು ಸುಲಭ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಪೂರಾ ಉಲ್ಟಾ. ಪಕ್ಕದ ಹೊಲದ ಬೆಳೆ ಮುಗಿದದ್ದೇ ತಡ, ಬಿಳಿನೊಣಗಳು ನಮ್ಮ ನಾಲ್ಕು ಗಿಡ ಹುಡುಕಿಕೊಂಡು ಬರುತ್ತವೆ. ಅವು ಹರಡುವ ಎಲೆ ಮುದುಡು ರೋಗ ವೈರಸ್‌ನಿಂದ ಬರೋದು. ಒಮ್ಮೆ ತಗುಲಿದರೆ ಮದ್ದಿಲ್ಲ. ಹಾಗಾಗಿ ಈ ಸಲ ಸಸಿ ಮಡಿಗೇ ಜಾಸ್ತಿ ಗಮನ ಕೊಟ್ಟೆ.

ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಬಯಲಲ್ಲೇ ಬಿತ್ತಿದೆ. ಇನ್ನೊಂದಕ್ಕೆ ಬಿದಿರು ಕಡ್ಡಿ ಬಗ್ಗಿಸಿ ನೈಲಾನ್ ಪರದೆ ಹೊದಿಸಿದೆ. ಮಾಮೂಲಿ ಸೊಳ್ಳೆ ಪರದೆ ನಡೆಯಲ್ಲ. ಬಿಳಿನೊಣ ಇರೋದೇ ಒಂದು ಮಿಲಿಮೀಟರ್‌ನಷ್ಟು, ಸಲೀಸಾಗಿ ತೂರುತ್ತದೆ. 50 ಮೆಶ್‌ನ, ಅಂದರೆ ಇಂಚಿಗೆ 50 ಕಣ್ಣಿನ ಪರದೆ ಬೇಕು, ಅಂಚನ್ನು ಮಣ್ಣಲ್ಲಿ ಹೂಳಬೇಕು. ನಾಟಿ ಮಾಡೋವರೆಗೂ ಸಸಿ ಅದರೊಳಗೇ ಇದ್ದವು.

ಬಯಲಲ್ಲಿ ಬೆಳೆದ ಸಸಿಗಳು ನಾಟಿಯಾದ ಸ್ವಲ್ಪ ದಿನಕ್ಕೇ ಬಣ್ಣ ತೋರಿಸಿದವು. ತುದಿ ಎಲೆ ಸಣ್ಣಗಾಯಿತು, ಅಂಚು ದೊನ್ನೆಯಂತೆ ಮೇಲಕ್ಕೆ ಮಡಚಿತು, ನರಗಳ ನಡುವೆ ಹಳದಿ ತಿರುಗಿತು. ಗಿಡ ಮೊಳಕಾಲೆತ್ತರಕ್ಕೇ ನಿಂತು ಪೊದೆಯಾಯಿತು. ಪರದೆಯ ಸಸಿಗಳಿಗೂ ಕೊನೆಗೆ ರೋಗ ಬಂತು, ಸುಳ್ಳು ಹೇಳಲ್ಲ. ಆದರೆ ಅಷ್ಟರಲ್ಲಿ ಕೆಳಗಿನ ಗೊಂಚಲುಗಳಲ್ಲಿ ಕಾಯಿ ಕಚ್ಚಿತ್ತು. ತಡವಾಗಿ ಬರೋ ಮುದುಡು ಮನೆ ಸಾರಿಗೆ ಅಡ್ಡಿಯಿಲ್ಲ. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಬೇಕೆಂದಿದ್ದೇನೆ. ಎಲೆ ಮುದುಡು, ದುಂಡಾಣು ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ತಳಿ. ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ, ಅದೊಂದೇ ಕೊರತೆ.

ಇನ್ನೊಂದು ತಕರಾರು ಕಾಯಿಯ ತಳ ಕಪ್ಪಾಗಿ ಕೊಳೆಯೋದು. ಕ್ಯಾಲ್ಸಿಯಂ ಕೊರತೆ, ಸುಣ್ಣ ಹಾಕಿ ಅಂತಾರೆ. ನಮ್ಮ ಬೋರ್‌ವೆಲ್ ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತದೆ, ಇನ್ನೆಲ್ಲಿಯ ಕೊರತೆ? ಅಸಲು ತೊಂದರೆ ನೀರಿನ ಏರುಪೇರು. ಕ್ಯಾಲ್ಸಿಯಂ ಕಾಯಿಗೆ ತಲುಪೋದು ನೀರಿನ ಜೊತೆಗೇ. ಕರೆಂಟ್ ಇದ್ದಾಗ ಹೊಳೆ, ಇಲ್ಲದಾಗ ಬರ ಅಂದರೆ ಕಾಯಿಗೆ ಅದು ಸರಿಯಾಗಿ ಸಿಗಲ್ಲ. ಅರ್ಧ ಸಾಲಿಗೆ ರಾಗಿ ಹುಲ್ಲನ್ನು ದಪ್ಪಗೆ ಹೊದಿಸಿದೆ. ಕೆಂಪು ಮಣ್ಣು ಬೇಗ ಒಣಗುತ್ತದಲ್ವಾ, ಹುಲ್ಲಿನ ಕೆಳಗೆ ಮಾತ್ರ ಮಾರನೇ ದಿನವೂ ಬೆರಳಿಗೆ ತೇವ ಸಿಗುತ್ತಿತ್ತು. ಆ ಅರ್ಧದಲ್ಲಿ ಕೊಳೆತ ಕಾಯಿ ಅಪರೂಪ. ಗೆದ್ದಲು ಬರುತ್ತೆ ಅಂತ ಮನೆಯಲ್ಲಿ ಗೊಣಗಿದರು. ಬಂತು ಕೂಡ. ಬೇವಿನ ಹಿಂಡಿ ಹಾಕಿದೆ.

ಬೆಂಡೆ, ಬದನೆ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಬಂದವು, ತಿಂದೆವು.

ಅವರೆ ಮಾತ್ರ ಚೆನ್ನಾಗಿ ಪಾಠ ಹೇಳಿತು. ನಾಟಿ ಅವರೆಯನ್ನು ಜೂನ್‌ನಲ್ಲಿ ಒಂದಷ್ಟು, ಆಗಸ್ಟ್‌ನಲ್ಲಿ ಒಂದಷ್ಟು ಊರಿದೆ. ಜೂನ್‌ದು ಬೇಲಿ ತುಂಬ ಹಬ್ಬಿತೇ ಹೊರತು ಹೂವಿಲ್ಲ. ಹಗಲು ಗಿಡ್ಡವಾದ ಮೇಲೆ ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಹೂ ಬಿಟ್ಟವು. ವರ್ಷಪೂರ್ತಿ ಕಾಯಿ ಬೇಕೆನ್ನುವವರಿಗೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಇದೆ, ಅದಕ್ಕೆ ಹಗಲಿನ ಲೆಕ್ಕವಿಲ್ಲ. ಆದರೆ ಚಳಿಗಾಲದ ನಾಟಿ ಅವರೆಯ ಸೊಗಡು ಅದಕ್ಕೆಲ್ಲಿ? ಜೂನ್‌ನಲ್ಲಿ ಆ ಬೇಲಿಗೆ ಇನ್ನು ಹೀರೆ ಬಳ್ಳಿ ಬಿಡುತ್ತೇನೆ.