ಅವಿಧೇಯರ ಕಥೆಗಳನ್ನು ಬರಹಕ್ಕೆ ಹೊಂದಿಸುವ ಬಗೆ

ಅಂಕಣಗಳನ್ನು ತಿದ್ದುವುದು ನನ್ನ ಕೆಲಸ. ಬೈಬಲಿನ ಹೋಲಿಕೆ ಕಂಡ ಕಡೆ ಪೆನ್ನು ತಾನಾಗಿಯೇ ನಿಲ್ಲುತ್ತದೆ. ಕಥೆಯಲ್ಲಿ ಅಪ್ಪಣೆ ಏನಿತ್ತು, ಹೇಗೆ ಮೀರಿದರು, ಸಿಕ್ಕಿಬಿದ್ದಾಗ ಏನೆಂದರು? ಬರೆಯುವ ಮುಂಚೆ ನೀವೂ ಇಷ್ಟನ್ನು ಕೇಳಿಕೊಳ್ಳಿ. ನಿಮ್ಮ ಪ್ರಸಂಗಕ್ಕೆ ಇವುಗಳಲ್ಲಿ ಒಂದಾದರೂ ತಾಳೆಯಾಗದಿದ್ದರೆ ಹೋಲಿಕೆಯನ್ನು ಹೊಡೆದುಹಾಕಿ.

'ನಿಷೇಧಿತ ಹಣ್ಣು' ಸವೆದುಹೋಗಿದೆ. ಬಳಸಲೇಬೇಕೆಂದರೆ ಸೇಬು ಅನ್ನಬೇಡಿ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಅದು ಯಾವ ಹಣ್ಣೆಂದೇ ಹೇಳಿಲ್ಲ. ಅದೇ ಕಥೆಯ ಅಂಜೂರದ ಎಲೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಆದಾಮ, ಹವ್ವ ತಪ್ಪು ಮಾಡಿದ ಮೇಲೆ ಅವಸರದಲ್ಲಿ ಹೊಲಿದುಕೊಂಡ ಮರೆ ಅದು. 'ಈ ತನಿಖಾ ಸಮಿತಿ ಬರೀ ಅಂಜೂರದ ಎಲೆ' ಎಂದರೆ ಸಾಕು.

ನಾಶವಾಗುತ್ತಿದ್ದ ಸೊದೋಮಿನಿಂದ ಓಡುವಾಗ ತಿರುಗಿ ನೋಡಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯನ್ನು ಗಾಬರಿಯಿಂದ ನಿಂತವರಿಗೆಲ್ಲ ಅಂಟಿಸುತ್ತಾರೆ. ಬೇಡವೆಂದರೂ ಬಿಟ್ಟುಬಂದದ್ದರ ಕಡೆ ತಿರುಗಿ ನೋಡಿದವರಿಗೇ ಅದು ಸಲ್ಲಬೇಕು. ಪ್ರವಾದಿ ಯೋನನೂ ಹಾಗೆಯೇ: ದೇವರು ನಿನೆವೆ ಪಟ್ಟಣಕ್ಕೆ ಹೋಗು ಎಂದರೆ ಯೊಪ್ಪ ಬಂದರಿನಲ್ಲಿ ಪ್ರಯಾಣದ ದುಡ್ಡು ಕೊಟ್ಟು, ಬೇರೆಯೇ ದಿಕ್ಕಿನ ತಾರ್ಷೀಷಿಗೆ ಹೊರಟ ಹಡಗು ಹತ್ತಿದವನು. ಜವಾಬ್ದಾರಿಯಿಂದ ತಪ್ಪಿಸಿಕೊಂಡವರಿಗೆ ಅವನು ಸರಿ, ಸೋತವರಿಗಲ್ಲ. ಇಂಗ್ಲಿಷ್ ನಾವಿಕರ ಬಾಯಲ್ಲಿ ಮಾತ್ರ ಯೋನ ಎಂದರೆ ಹಡಗಿಗೆ ಅನಿಷ್ಟ ತರುವವನು. ಅನುವಾದ ಮಾಡುವವರು ನೆನಪಿಟ್ಟುಕೊಳ್ಳಿ.

ನನಗೆ ಪ್ರಿಯವಾದದ್ದು ಮೋಶೆಯ ಅಣ್ಣ ಆರೋನನ ಜಾರಿಕೆ. ಬೈಬಲಿನ ಎರಡನೇ ಪುಸ್ತಕ ವಿಮೋಚನಕಾಂಡದ 32ನೇ ಅಧ್ಯಾಯ ತೆರೆಯಿರಿ. ಜನರ ಓಲೆಗಳನ್ನು ಕರಗಿಸಿ, ಉಳಿ ಹಿಡಿದು ಅವರ ಪೂಜೆಗೆಂದು ಚಿನ್ನದ ಕರುವನ್ನು ರೂಪಿಸಿದವನು ಅವನೇ. ಜನರ ನಾಯಕ ಮೋಶೆ ಬಂದು ಜಬರಿಸಿದಾಗ, ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಎನ್ನುತ್ತಾನೆ! ಬಹುತೇಕರು ಚಿನ್ನದ ಕರುವನ್ನು ದುಡ್ಡಿನ ಪೂಜೆಗೆ ಬಳಸಿ ಕೈತೊಳೆದುಕೊಳ್ಳುತ್ತಾರೆ. ನೀವು ಆ ಉಳಿಯನ್ನು ಹಿಡಿಯಿರಿ. ಅಧಿಕಾರಿಯೊಬ್ಬರು 'ಆದೇಶ ಹೇಗೋ ಹೊರಬಿತ್ತು' ಎಂದಾಗ ಹೀಗೆ ಬರೆಯಬಹುದು: 'ಆರೋನನ ಕರುವಿನಂತೆ ಆದೇಶವೂ ತಾನಾಗಿ ಹೊರಬಂತಂತೆ, ಕಡತದ ಮೇಲೆ ಉಳಿಯ ಗುರುತು ಮಾತ್ರ ಇವರದೇ.'

ಇಸ್ರಾಯೇಲಿನ ಮೊದಲ ರಾಜ ಸೌಲನದು ಇನ್ನೂ ನಯವಾದ ಅವಿಧೇಯತೆ, ಮುಕ್ಕಾಲು ಪಾಲು ಮಾಡಿ ಪೂರ್ತಿ ಮಾಡಿದೆ ಎನ್ನುವುದು. ಶತ್ರುಗಳಾದ ಅಮಾಲೇಕ್ಯರ ದನಕುರಿಗಳನ್ನೂ ಉಳಿಸಬಾರದೆಂಬ ಕಟ್ಟಪ್ಪಣೆಯಿದ್ದರೂ ಕೊಬ್ಬಿದವನ್ನು ಉಳಿಸಿಕೊಂಡು, ಹೇಳಿದ್ದನ್ನೆಲ್ಲ ನೆರವೇರಿಸಿದೆ ಎಂದು ಪ್ರವಾದಿ ಸಮುವೇಲನನ್ನು ಎದುರುಗೊಳ್ಳುತ್ತಾನೆ. ಹಾಗಾದರೆ ಈ ಕುರಿಗಳ ಕೂಗೇನು ಎಂದು ಸಮುವೇಲ ಕೇಳುತ್ತಾನೆ. ಅರೆಬರೆ ಪಾಲನಾ ವರದಿಗಳ ಬಗ್ಗೆ ಬರೆಯುವಾಗ ಈ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ. ಕಥೆ ಗೊತ್ತಿಲ್ಲದ ಓದುಗರಿಗಾಗಿ ಕೆಳಗೆ ಒಂದು ಸಾಲು ಸೇರಿಸಿದರಾಯಿತು, ಇಡೀ ಪುರಾಣ ಬೇಡ.