ಎಲ್ಲಾ ದುಡ್ಡೂ ಕ್ರಿಪ್ಟೋದಲ್ಲೇ ಇದೆಯಾ? ಬೇರೆ ಕಡೆಗೆ ಹಂಚುವುದು ಹೀಗೆ

ಆ್ಯಪ್‌ನಲ್ಲಿ ಐದು ತರದ ಕಾಯಿನ್ ಇದ್ದರೆ ದುಡ್ಡು ಹಂಚಿಟ್ಟಂತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಿಟ್‌ಕಾಯಿನ್ ಬಿದ್ದರೆ ಉಳಿದವೂ ಹೆಚ್ಚುಕಮ್ಮಿ ಅದರ ಹಿಂದೆಯೇ ಬೀಳುತ್ತವೆ. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಮುಂದಿನ ನವೆಂಬರ್ ಹೊತ್ತಿಗೆ 16,000ದ ಆಸುಪಾಸಿಗೆ ಇಳಿದಿತ್ತು. ಸಣ್ಣಪುಟ್ಟ ಕಾಯಿನ್‌ಗಳ ಕಥೆ ಕೇಳುವುದೇ ಬೇಡ.

ಮೊದಲು ಒಂದು ಹಾಳೆಯಲ್ಲಿ ಎಲ್ಲೆಲ್ಲಿ ಎಷ್ಟಿದೆ ಬರೆಯಿರಿ. ಕೊಂಡ ಬೆಲೆ ಅಲ್ಲ, ಇವತ್ತಿನ ಬೆಲೆ. ಎಫ್‌ಡಿ, ಪಿಎಫ್, ಮ್ಯೂಚುವಲ್ ಫಂಡ್, ಕ್ರಿಪ್ಟೋ ಎಲ್ಲಾ ಬರಲಿ. ಮನೆಯ ಒಡವೆ ಮಾತ್ರ ಸೇರಿಸಬೇಡಿ, ಅದನ್ನು ಹೇಗೂ ಮಾರುವುದಿಲ್ಲ ಅಲ್ವಾ? ಇದರಲ್ಲಿ ಕ್ರಿಪ್ಟೋ ಪಾಲು ಎಷ್ಟು ನೋಡಿ. ನನ್ನನ್ನು ಕೇಳಿದರೆ ನೂರಕ್ಕೆ ಐದು, ತೀರಾ ಧೈರ್ಯ ಇದ್ದರೆ ಹತ್ತು. ಅಷ್ಟೂ ನಾಳೆ ಸೊನ್ನೆಯಾದರೂ ಮನೆ ಇಎಂಐ, ಮಕ್ಕಳ ಫೀಸು ನಿಲ್ಲಬಾರದು.

ಆಮೇಲೆ ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಡಿ. ಬಡ್ಡಿ ಕಮ್ಮಿ, ನಿಜ. ಆದರೆ ಬ್ಯಾಂಕ್ ಮುಳುಗಿದರೂ 5 ಲಕ್ಷದವರೆಗೆ ವಿಮೆ ಇದೆ. ಕ್ರಿಪ್ಟೋ ಎಕ್ಸ್‌ಚೇಂಜ್‌ಗೆ, ಅಂದರೆ ಕಾಯಿನ್ ಕೊಂಡು ಮಾರುವ ಆ್ಯಪ್‌ಗೆ, ಅಂಥದ್ದೇನೂ ಇಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್ ಕಳುವಾಯಿತು, ಗ್ರಾಹಕರ ಕಾಯಿನ್‌ಗಳು ವರ್ಷಕ್ಕೂ ಜಾಸ್ತಿ ಸಿಕ್ಕಿಹಾಕಿಕೊಂಡವು.

ಉಳಿದದ್ದನ್ನು ನಿಫ್ಟಿ ಇಂಡೆಕ್ಸ್ ಫಂಡ್ (ದೇಶದ ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ಫಂಡ್), ಗೋಲ್ಡ್ ಇಟಿಎಫ್ (ಷೇರಿನಂತೆ ಕೊಳ್ಳುವ ಚಿನ್ನ), ಪಿಪಿಎಫ್ (ಸರ್ಕಾರದ ಉಳಿತಾಯ ಯೋಜನೆ) ಅಂತ ಹಂಚಿ. ಪಿಪಿಎಫ್‌ಗೆ 15 ವರ್ಷದ ಅವಧಿ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಇಲ್ಲಿ ಒಂದು ಎಚ್ಚರ: ಅಮೆರಿಕದ ಟೆಕ್ ಷೇರುಗಳ ಫಂಡ್ ಕೊಂಡು, ಕ್ರಿಪ್ಟೋ ಬಿದ್ದರೂ ಇದು ಕಾಪಾಡುತ್ತದೆ ಅಂತ ಸುಮ್ಮನಾಗಬೇಡಿ. 2022ರಲ್ಲಿ ಬಿಟ್‌ಕಾಯಿನ್ ಅರವತ್ತು ಪರ್ಸೆಂಟ್‌ಗಿಂತ ಜಾಸ್ತಿ ಬಿದ್ದಾಗ ಟೆಕ್ ಷೇರುಗಳೇ ಹೆಚ್ಚಿರುವ ಅಮೆರಿಕದ ಸೂಚ್ಯಂಕ ನಾಸ್‌ಡಾಕ್ ಕೂಡ ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಅದೇ ವರ್ಷ ನಿಫ್ಟಿ ಸ್ವಲ್ಪ ಏರಿತು, ರೂಪಾಯಿ ಲೆಕ್ಕದಲ್ಲಿ ಚಿನ್ನವೂ ಏರಿತು.

ಈಗ ನಿಜವಾದ ತಲೆನೋವು: ಇರುವ ಕ್ರಿಪ್ಟೋ ಮಾರಿ ಇದನ್ನೆಲ್ಲ ಕೊಳ್ಳಬೇಕಾ? ಅವಸರ ಬೇಡ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಬಿಟ್‌ಕಾಯಿನ್ ಮಾರಿ 1 ಲಕ್ಷ ಲಾಭ ಬಂತು, ಇನ್ನೊಂದು ಕಾಯಿನ್ ಮಾರಿ 80,000 ಹೋಯಿತು ಅಂದುಕೊಳ್ಳಿ. ಕೈಯಲ್ಲಿ ಉಳಿದದ್ದು 20,000. ತೆರಿಗೆ? 31,200. ಅಂದರೆ 11,200 ಜೇಬಿನಿಂದಲೇ ಕಟ್ಟಬೇಕು! ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಅದು ಮಾರಾಟವೇ.

ಹಾಗಾಗಿ ಸುಲಭದ ದಾರಿ ಅಂದರೆ ಹೊಸ ದುಡ್ಡಿನಿಂದ ಸರಿದೂಗಿಸುವುದು. ನಿಮ್ಮ ಹತ್ತಿರ ಒಟ್ಟು 4 ಲಕ್ಷ ಇದ್ದು ಅದರಲ್ಲಿ 1 ಲಕ್ಷ ಕ್ರಿಪ್ಟೋ ಅಂದರೆ ಪಾಲು 25%. ಕ್ರಿಪ್ಟೋ ಕೊಳ್ಳುವುದು ನಿಲ್ಲಿಸಿ, ತಿಂಗಳಿಗೆ 15,000ದಂತೆ ಬೇರೆ ಕಡೆ ಹಾಕುತ್ತಾ ಬಂದರೆ, ಬೆಲೆ ಹೀಗೇ ಇದ್ದರೂ 40 ತಿಂಗಳಲ್ಲಿ ಅದು 10%ಕ್ಕೆ ಇಳಿಯುತ್ತದೆ, ಒಂದು ರೂಪಾಯಿ ತೆರಿಗೆಯೂ ಇಲ್ಲದೆ. ನಿಧಾನ ಅನಿಸುತ್ತದೆ, ಗೊತ್ತು. ಕ್ರಿಪ್ಟೋ ಪಾಲು ಅರ್ಧಕ್ಕಿಂತ ಜಾಸ್ತಿ ಇರುವವರು ಇಷ್ಟು ಕಾಯಬಾರದು, ತೆರಿಗೆ ಕಟ್ಟಿಯಾದರೂ ಒಂದಷ್ಟು ಮಾರಿಬಿಡುವುದು ವಾಸಿ.

ಮಾರಿದಾಗ ಎಕ್ಸ್‌ಚೇಂಜ್‌ನವರು ಸಾಮಾನ್ಯವಾಗಿ 1% ಟಿಡಿಎಸ್ (ಮುಂಗಡವಾಗಿ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ, ಅದೂ ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ತೆರಿಗೆ ರಿಟರ್ನ್‌ನಲ್ಲಿ ವಿಡಿಎ (ಕ್ರಿಪ್ಟೋದಂಥ ಡಿಜಿಟಲ್ ಆಸ್ತಿ) ಷೆಡ್ಯೂಲ್ ತುಂಬುವಾಗ ಕೊಂಡ ದಿನ, ಮಾರಿದ ದಿನ, ಎರಡೂ ಬೆಲೆ ಬೇಕಾಗುತ್ತದೆ. ಆ್ಯಪ್ ಮುಚ್ಚಿಹೋದರೆ ಯಾರನ್ನು ಕೇಳುತ್ತೀರಿ? ಸ್ಟೇಟ್‌ಮೆಂಟ್ ಇವತ್ತೇ ಇಳಿಸಿಟ್ಟುಕೊಳ್ಳಿ.